‘ಟಕ್’ ಅಂದರೆ ಮೂಳೆ ಜಾಗಕ್ಕೆ ಕೂತಿತು ಅಂತಲ್ಲ

ಪ್ರಶ್ನೆ: ನನಗೆ 41 ವರ್ಷ. ದಿನವಿಡೀ ಕೂತು ಮಾಡುವ ಕೆಲಸ. ಮೂರು ವಾರದ ಹಿಂದೆ ಭಾರದ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಈಗ ಸುಮಾರು ವಾಸಿ. ಆದರೂ ಬೆಳಿಗ್ಗೆ ಏಳುವಾಗ ಬಿಗಿ ಇರುತ್ತದೆ. ಕೈರೋಪ್ರಾಕ್ಟರ್ (ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು) ಹತ್ತಿರ ಹೋಗು ಅಂತ ಗೆಳೆಯ ಹೇಳುತ್ತಿದ್ದಾನೆ. ವಿಡಿಯೊಗಳಲ್ಲಿ ಅವರು ಬೆನ್ನು ತಿರುಚಿ ಟಕ್ ಅನ್ನಿಸುವುದನ್ನು ನೋಡಿದರೆ ಭಯವಾಗುತ್ತದೆ. ಅಲ್ಲಿ ನಿಜವಾಗಿ ಏನು ಮಾಡುತ್ತಾರೆ? ಜಾರಿದ ಮೂಳೆ ಜಾಗಕ್ಕೆ ಬರುತ್ತದಾ? ಗೆಳೆಯನಿಗೆ 24 ಸಿಟ್ಟಿಂಗ್ ಹೇಳಿದ್ದರಂತೆ. ಅಷ್ಟು ಬೇಕಾ?

ಉತ್ತರ: ಮೊದಲು ಆ ಸದ್ದಿನ ವಿಷಯ ಮುಗಿಸೋಣ. ಭಯ ಹುಟ್ಟಿಸುವುದೂ ಅದೇ, ಜನರನ್ನು ಮರುಳು ಮಾಡುವುದೂ ಅದೇ.

ನೀವು ಬೆರಳಿನ ನೆಟಿಗೆ ಮುರಿಯುತ್ತೀರಿ ಅಲ್ವಾ? ಬೆನ್ನಿನ ಸದ್ದೂ ಅದೇ ಜಾತಿಯದು. ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತದೆ. ಕೀಲನ್ನು ಥಟ್ಟನೆ ಅಗಲಿಸಿದಾಗ ಒಳಗಿನ ಒತ್ತಡ ಇಳಿದು, ದ್ರವದಲ್ಲಿ ಗುಳ್ಳೆಯಂಥ ಪೊಳ್ಳು ಮೂಡುತ್ತದೆ. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ನೆಟಿಗೆಯನ್ನು ಎಂಆರ್‌ಐ ಯಂತ್ರದಲ್ಲೇ ಚಿತ್ರೀಕರಿಸಿ ಇದನ್ನು ತೋರಿಸಿದರು. ಒಮ್ಮೆ ಮುರಿದ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ. ಆ ಗುಳ್ಳೆ ಕರಗಬೇಕಲ್ಲ!

ಅಂದರೆ ಮೂಳೆ ಜಾರಿರಲಿಲ್ಲ, ವಾಪಸ್ ಕೂರಲೂ ಇಲ್ಲ. ಏಟು ಬಿದ್ದು ಬೆನ್ನುಮೂಳೆಯ ಮಣಿ ನಿಜವಾಗಿ ಥಟ್ಟನೆ ಜಾಗ ಬಿಟ್ಟಿದ್ದರೆ ಅದು ದೊಡ್ಡ ಪೆಟ್ಟು. ಅಂಥವರು ಆಸ್ಪತ್ರೆಯಲ್ಲಿರಬೇಕು, ಕೈರೋಪ್ರಾಕ್ಟರ್ ಟೇಬಲ್ ಮೇಲಲ್ಲ.

ಹಾಗಾದರೆ ‘ಜಾಗ ತಪ್ಪಿದ ಮೂಳೆ’ಯ ಮಾತು ಎಲ್ಲಿಂದ ಬಂತು? 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್‌ನಲ್ಲಿ ಡ್ಯಾನಿಯಲ್ ಡೇವಿಡ್ ಪಾಮರ್ ಎಂಬಾತ ಈ ಪದ್ಧತಿ ಶುರು ಮಾಡಿದ. ಕಿವಿ ಕೇಳಿಸದ ಒಬ್ಬರ ಬೆನ್ನಿನ ಮಣಿಯನ್ನು ಒತ್ತಿದೆ, ಕಿವಿ ಕೇಳಿಸಿತು ಅಂತ ಅವನು ಹೇಳಿಕೊಂಡ. ಕಿವಿಯ ನರ ಬೆನ್ನುಮೂಳೆಯೊಳಗೆ ಹಾದು ಹೋಗುವುದೇ ಇಲ್ಲ, ಅದು ತಲೆಬುರುಡೆಯೊಳಗೇ ನೇರ ಮಿದುಳಿಗೆ ಹೋಗುತ್ತದೆ. ಆದರೂ ಎಲ್ಲ ಕಾಯಿಲೆಯ ಬೇರು ಬೆನ್ನಿನಲ್ಲಿದೆ ಎಂಬ ನಂಬಿಕೆ ಅಲ್ಲಿಂದ ಬೆಳೆಯಿತು. ಇಂದಿನ ಎಷ್ಟೋ ಕೈರೋಪ್ರಾಕ್ಟರ್‌ಗಳು ಅದನ್ನು ಬಿಟ್ಟು ಬೆನ್ನು, ಕತ್ತು, ಕೀಲುಗಳ ನೋವಿಗಷ್ಟೇ ನಿಲ್ಲುತ್ತಾರೆ. ನೀವು ಹುಡುಕಬೇಕಾದ್ದು ಇವರನ್ನು. ಆಸ್ತಮಾ, ಬಿಪಿ, ಮಗುವಿನ ಹೊಟ್ಟೆನೋವು ಎಲ್ಲವನ್ನೂ ಬೆನ್ನೊತ್ತಿ ವಾಸಿ ಮಾಡುತ್ತೇನೆ ಅನ್ನುವವರಿಂದ ದೂರ ಇರಿ.

ಇನ್ನು ಅಲ್ಲಿ ನಡೆಯುವುದು. ಒಳ್ಳೆಯವರಾದರೆ ಮೊದಲ ದಿನ ಕೈ ಹಾಕುವುದಕ್ಕಿಂತ ಜಾಸ್ತಿ ಮಾತಾಡುತ್ತಾರೆ. ನೋವು ಹೇಗೆ ಶುರುವಾಯಿತು, ಕಾಲಿಗೆ ಇಳಿಯುತ್ತದಾ, ಯಾವ ಮಾತ್ರೆ ನುಂಗುತ್ತೀರಿ, ಹಿಂದೆ ಕ್ಯಾನ್ಸರ್ ಆಗಿತ್ತಾ ಅಂತೆಲ್ಲ ಕೇಳುತ್ತಾರೆ. ಬಗ್ಗಿಸಿ ನೋಡುತ್ತಾರೆ, ಮಲಗಿಸಿ ಕಾಲೆತ್ತಿಸುತ್ತಾರೆ, ಮಂಡಿಗೆ ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಾರೆ. ನಿಮ್ಮಂಥ ನೋವಿಗೆ ಸಾಮಾನ್ಯವಾಗಿ ಎಕ್ಸ್‌ರೇ ಬೇಕಾಗುವುದಿಲ್ಲ. ಏನೂ ಕೇಳದೆ ನೇರ ಮಲಗಿಸಿದರೆ ಎದ್ದು ಬನ್ನಿ. ಸಂಕೋಚ ಬೇಡ.

ಸೊಂಟಕ್ಕಾದರೆ ಪಕ್ಕಕ್ಕೆ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ಒಂದು ಸಣ್ಣ, ಚುರುಕಾದ ಒತ್ತು ಕೊಡುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸದ್ದು ಬರಬಹುದು, ಬಾರದಿರಬಹುದು. ಅದರಿಂದ ಫಲದಲ್ಲಿ ವ್ಯತ್ಯಾಸ ಆಗುವುದಿಲ್ಲ. ಭಯ ಇದ್ದರೆ ಬಾಯಿಬಿಟ್ಟು ಹೇಳಿ. ನಿಧಾನವಾಗಿ ಕೀಲು ಆಡಿಸುವ ಮೆದು ವಿಧಾನಗಳೂ ಇವೆ. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಆಮೇಲೆ ಒಂದೆರಡು ದಿನ ಮೈಕೈ ನೋವು, ಬಿಗಿ, ಸುಸ್ತು ಇರುತ್ತದೆ. ಅದು ತಾನಾಗಿ ಹೋಗುತ್ತದೆ.

ಫಲ ಎಷ್ಟು? ಇದೆ, ಆದರೆ ಹಿತಮಿತ. ಸೊಂಟನೋವಿಗೆ ಮೊದಲು ಮಾಡಬಹುದಾದ ಔಷಧಿಯಿಲ್ಲದ ಉಪಾಯಗಳಲ್ಲಿ ಬಿಸಿ ಶಾಖ, ಮಸಾಜ್ ಜೊತೆಗೆ ಇದನ್ನೂ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಘ 2017ರಲ್ಲಿ ಸೇರಿಸಿತು. ಬ್ರಿಟನ್ನಿನ 2016ರ ಮಾರ್ಗಸೂಚಿ ಇನ್ನೂ ಬಿಗಿ: ವ್ಯಾಯಾಮದ ಜೊತೆಗೆ ಮಾತ್ರ ಕೊಡಿ, ಬರೀ ಇದನ್ನೇ ಬೇಡ ಅನ್ನುತ್ತದೆ. ನನ್ನ ಅಭಿಪ್ರಾಯವೂ ಅದೇ. ಟೇಬಲ್ ಮೇಲಿನ ಹತ್ತು ನಿಮಿಷ ನೋವನ್ನು ಸ್ವಲ್ಪ ತಗ್ಗಿಸುತ್ತದೆ. ಆ ಬಿಡುವಿನಲ್ಲಿ ನೀವು ನಡೆಯದಿದ್ದರೆ, ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳದಿದ್ದರೆ ಪ್ರಯೋಜನ ಕಮ್ಮಿ.

24 ಸಿಟ್ಟಿಂಗ್ ಬಗ್ಗೆ ಕೇಳಿದಿರಿ. ಹೊಸ ಸೊಂಟನೋವು ಏನೂ ಮಾಡದಿದ್ದರೂ ಬಹುತೇಕ ಜನರಲ್ಲಿ ನಾಲ್ಕರಿಂದ ಆರು ವಾರದಲ್ಲಿ ತಗ್ಗುತ್ತದೆ. ನೀವು ಈಗಾಗಲೇ ಮೂರು ವಾರ ದಾಟಿದ್ದೀರಿ. 24 ಸಿಟ್ಟಿಂಗ್ ಮುಗಿಸುವಷ್ಟರಲ್ಲಿ ನೋವು ಹೋದರೆ ವಾಸಿ ಮಾಡಿದ್ದು ಕೈಯೋ, ಕಾಲವೋ ಯಾರಿಗೆ ಗೊತ್ತು? ನಾಲ್ಕಾರು ಸಲ ಹೋಗಿ ನೋಡಿ. ಸಾಕ್ಸ್ ಹಾಕಿಕೊಳ್ಳುವುದು ಸುಲಭವಾಯಿತಾ? ಎಷ್ಟು ಹೊತ್ತು ಕೂರಬಲ್ಲಿರಿ? ವ್ಯತ್ಯಾಸ ಇಲ್ಲದಿದ್ದರೆ ನಿಲ್ಲಿಸಿ.

ಕಾಲಿನ ಬಲ ಕುಗ್ಗಿದರೆ, ತೊಡೆಯ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೂ ಮೊದಲು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಮ್ಮ ಅಮ್ಮನಿಗೆ 70 ವರ್ಷ. ಕತ್ತುನೋವು ಇದೆ. ಮೂಳೆ ಸವೆದು ತೆಳುವಾಗಿದೆ ಅಂದಿದ್ದಾರೆ, ರಕ್ತ ತೆಳುವಾಗಿಸುವ ಮಾತ್ರೆಯೂ ನಡೆಯುತ್ತಿದೆ. ಕತ್ತು ತಿರುಗಿಸುವ ಚಿಕಿತ್ಸೆ ಕೊಡಿಸಬಹುದಾ?

ಉತ್ತರ: ಬೇಡ. ಟೊಳ್ಳಾದ ಮೂಳೆಗೆ ಚುರುಕಾದ ಒತ್ತು ಸಲ್ಲದು. ರಕ್ತ ತೆಳುವಾಗಿದ್ದರೆ ಸಣ್ಣ ಪೆಟ್ಟೂ ಒಳಗೆ ದೊಡ್ಡ ರಕ್ತಸ್ರಾವ ಆಗಬಹುದು. ಕತ್ತಿನ ವಿಷಯದಲ್ಲಿ ಇನ್ನೊಂದು ಆತಂಕವೂ ಇದೆ. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲೇ ಹಾದು ಹೋಗುತ್ತವೆ. ಬಹಳ ಅಪರೂಪಕ್ಕೆ, ಕತ್ತು ತಿರುಚಿದ ಮೇಲೆ ಅವುಗಳ ಒಳಪದರ ಸೀಳಿ ಪಾರ್ಶ್ವವಾಯು ಆದದ್ದಿದೆ. ಸೀಳಿದ್ದು ಚಿಕಿತ್ಸೆಯಿಂದಲೋ, ಅಥವಾ ಮೊದಲೇ ಸೀಳುತ್ತಿದ್ದ ನಾಳದ ನೋವಿಗೇ ಆ ವ್ಯಕ್ತಿ ಹೋಗಿದ್ದರೋ ಎಂಬ ವಾದ ಇನ್ನೂ ನಡೆಯುತ್ತಿದೆ. ಹಿಂದೆಂದೂ ಕಾಣದಂಥ ಕತ್ತುನೋವು ಅಥವಾ ತಲೆನೋವು, ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು ಕಂಡರೆ, ವಯಸ್ಸು ಎಷ್ಟೇ ಇರಲಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಅಮ್ಮನಿಗೆ ಬೆಚ್ಚಗಿನ ಶಾಖ, ಫಿಸಿಯೊಥೆರಪಿಸ್ಟ್ ಹೇಳಿಕೊಡುವ ಮೆದು ಕಸರತ್ತು ಸಾಕು. ಚಿಕಿತ್ಸೆಗೋಸ್ಕರ ನಾಲ್ಕು ದಿನ ಮಾತ್ರೆ ನಿಲ್ಲಿಸೋಣ ಅಂತ ಮಾತ್ರ ನೀವೇ ತೀರ್ಮಾನ ಮಾಡಬೇಡಿ.