25 ಸಾವಿರಕ್ಕೆ ಪ್ರಾಜೆಕ್ಟ್ ಬೈಕ್ ಯಾವ್ದು ತಗಳದು

ತೀರ್ಥಹಳ್ಳಿಯಿಂದ ಕೇಳಿದ್ರಲ್ಲ, ದಿನಾ ಓಡಾಡಕ್ಕೆ ಒಂದು ಗಾಡಿ ಇದೆ, ಬಿಚ್ಚಿ ಜೋಡ್ಸಿ ಕೆಲಸ ಕಲಿಯಕ್ಕೆ ಇನ್ನೊಂದು ಹಳೇದು ಬೇಕು, ಕೈಯಲ್ಲಿ 25 ಸಾವಿರ ಇದೆ, ಯಮಹಾ ಆರ್‌ಎಕ್ಸ್ 100 ತಗಳ್ಲಾ ಹಳೇ ಯೆಜ್ಡಿ ತಗಳ್ಲಾ ಅಂತ. ನನ್ನ ಕೇಳಿದ್ರೆ ಎರಡೂ ಬೇಡ ಮಾರಾಯ್ರೆ. ಎರಡೂ 1996ಕ್ಕೇ ನಿಂತೋದ ಗಾಡಿಗಳು, ಆ ದುಡ್ಡಿಗೆ ಸಿಗೋ ಆರ್‌ಎಕ್ಸ್ ಅಂದ್ರೆ ಒಂದಾ ಪೇಪರ್ ಇರಲ್ಲ, ಇಲ್ಲಾ ಇಂಜಿನ್ ಒಂದು ಕಡೇದು ಟ್ಯಾಂಕ್ ಇನ್ನೊಂದು ಕಡೇದು. ಕಲಿಯೋರಿಗೆ ಅದು ಸರಿ ಅಲ್ಲ, ಪಾರ್ಟ್ ಹುಡ್ಕದ್ರಲ್ಲೇ ಆಸಕ್ತಿ ಹೋಗ್ಬಿಡುತ್ತೆ.

ಹೀರೋ ಹೋಂಡಾ ಸಿಡಿ 100, ಸಿಡಿ 100 ಎಸ್‌ಎಸ್, ಇಲ್ಲಾಂದ್ರೆ ಹಳೇ ಸ್ಪ್ಲೆಂಡರ್ ನೋಡಿ. ಎಲ್ಲದ್ರಲ್ಲೂ ಅದೇ 97.2 ಸಿಸಿ ಜಾತಿ ಇಂಜಿನ್, ಕ್ಲಚ್ ಪ್ಲೇಟು, ರಿಂಗು, ಕಾರ್ಬುರೇಟರ್ ಕಿಟ್ಟು ಶಿವಮೊಗ್ಗಕ್ಕೆ ಹೋಗೋದೇ ಬೇಡ, ನಿಮ್ಮೂರಲ್ಲೇ ಸಿಗುತ್ತೆ. ಫೋರ್ ಸ್ಟ್ರೋಕ್ ಆದ್ರಿಂದ ವಾಲ್ವ್ ಸೆಟ್ಟಿಂಗು, ಟೈಮಿಂಗ್ ಚೈನು ಎಲ್ಲಾ ಕಲಿಬಹುದು.

ನೋಡಕ್ಕೆ ಹೋದಾಗ ಇಂಜಿನ್‌ಗಿಂತ ಮೊದ್ಲು ಚಾಸಿ, ಅಂದ್ರೆ ಗಾಡಿಯ ಕಬ್ಬಿಣದ ಚೌಕಟ್ಟು ನೋಡಿ, ಇದನ್ನ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ. ನಮ್ಮ ಕಡೆ ಗಾಡಿನ ಕೊಟ್ಟಿಗೆ ಪಕ್ಕ ಸೋಗೆ ಕೆಳಗೆ ಮಳೆಗಾಲ ಪೂರ್ತಿ ನಿಲ್ಸಿರ್ತಾರೆ, ಮೇಲಿಂದ ಪೇಂಟ್ ಚೆನ್ನಾಗೇ ಕಾಣುತ್ತೆ, ಒಳಗೆ ತುಕ್ಕು ತಿಂದಿರುತ್ತೆ. ಸೀಟ್ ತೆಗ್ಸಿ, ಬ್ಯಾಟರಿ ಕೂರೋ ಜಾಗದ ಕೆಳಗೆ ಬೆರಳಾಡ್ಸಿ, ಹಿಂದಿನ ಚಕ್ರ ಹಿಡ್ಕಂಡಿರೋ ಸ್ವಿಂಗ್ ಆರ್ಮ್ ಬೋಲ್ಟ್ ಹತ್ರ, ಮಡ್‌ಗಾರ್ಡ್ ಒಳಗಡೆ ಸ್ಕ್ರೂ ಡ್ರೈವರ್ ಹಿಡಿಲಿ ಸಣ್ಣಗೆ ಕುಟ್ಟಿ ನೋಡಿ, ಟಣ್ ಅನ್ನದೆ ಮೆತ್ತಗೆ ಒಳಗೆ ಹೋದ್ರೆ ವಾಪಸ್ ಬನ್ನಿ. ಟ್ಯಾಂಕ್ ಒಳಗೆ ಟಾರ್ಚ್ ಬಿಡಿ. ಹ್ಯಾಂಡಲ್ ಹತ್ರ ಪಂಚ್ ಮಾಡಿರೋ ಚಾಸಿ ನಂಬರ್ ತುಕ್ಕಲ್ಲಿ ಅಳಿಸಿದ್ರೂ ಬೇಡ, ಆರ್‌ಟಿಒದಲ್ಲಿ ಅದನ್ನೇ ನೋಡೋದು.

ಇಂಜಿನ್ ಹೋಗಿದ್ರೆ ಹೋಗ್ಲಿ, ಅದು ಕಲಿಯಕ್ಕೇ ಅಲ್ವಾ ತಗಳ್ತಿರೋದು. ಆದ್ರೆ ತಣ್ಣಗಿದ್ದಾಗ ನೀವೇ ಕಿಕ್ ಹೊಡೀರಿ. ಸ್ಟಾರ್ಟ್ ಆದ ತಕ್ಷಣ ನೀಲಿ ಹೊಗೆ ಬಂದು ನಿಂತ್ರೆ ಹೆಚ್ಚಾಗಿ ವಾಲ್ವ್ ಸೀಲು, ರೇಸ್ ಮಾಡ್ದಂಗೆಲ್ಲಾ ಬರ್ತಾನೇ ಇದ್ರೆ ಪಿಸ್ಟನ್ ರಿಂಗು ಅಥವಾ ಬೋರು, ಅಂದ್ರೆ ಸಿಲಿಂಡರ್ ಒಳಗೋಡೆ, ಸವೆದಿದೆ ಅಂತ. ಬೋರ್ ಹೊಡ್ಸಿ (ಒಳಗೋಡೆ ಕೊರೆಸಿ) 0.25 ಎಂಎಂ ಓವರ್‌ಸೈಜ್ ಪಿಸ್ಟನ್ ಹಾಕಬಹುದು, ಹಿಂದೆ ಎಷ್ಟು ಸಲ ಹೊಡ್ಸಿದಾರೆ ಅಂತ ಕೇಳಿ, 1 ಎಂಎಂವರೆಗೆ ಹೋಗಿದ್ರೆ ಸಿಲಿಂಡರ್ ಬ್ಲಾಕೇ ಹೊಸದು ಬೇಕಾಗುತ್ತೆ.

ಪೇಪರ್ ವಿಷ್ಯದಲ್ಲಿ ದಾಕ್ಷಿಣ್ಯ ಬೇಡ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ 5 ವರ್ಷಕ್ಕೊಂದು ಸಲ ರಿನ್ಯೂವಲ್. ತಡ ಆದ್ರೆ ಟೂ ವೀಲರ್‌ಗೆ ತಿಂಗಳಿಗೆ 300 ರೂಪಾಯಿ ಅಂತ ನಿಯಮದಲ್ಲಿದೆ, 3 ವರ್ಷ ಬಿಟ್ಟಿದ್ರೆ ಅದೇ 10,800 ಆಯ್ತು, ಅದನ್ನ ರೇಟಲ್ಲಿ ಕಳೀರಿ. ಗಾಡಿ ನಂಬರ್ ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಹಾಕಿ ನೋಡಿ, ಹಳೇ ಲೋನ್ ಕಾಣ್ಸಿದ್ರೆ ಓನರ್ ಹತ್ರನೇ ತೆಗೆಸ್ಕಳಿ, ಓನರ್ ಹೆಸರು ಬದಲಾಯ್ಸೋ ಫಾರಂ 29, 30ಕ್ಕೆ ಆರ್‌ಸಿಯಲ್ಲಿರೋ ಹೆಸರಿನವರೇ ಸೈನ್ ಹಾಕ್ಬೇಕು, ಮಧ್ಯದಲ್ಲಿ ಮೂರು ಕೈ ಬದಲಾಗಿದ್ರೆ ಸುಮ್ನೆ ಬಿಟ್ಬಿಡಿ.

ಗಾಡಿಗೆ 12–13 ಸಾವಿರಕ್ಕಿಂತ ಮೇಲೆ ಹೋಗ್ಬೇಡಿ, ಉಳಿದದ್ದು ಟಯರು, ಚೈನ್ ಸೆಟ್ಟು, ಬ್ರೇಕ್ ಶೂ, ಇನ್ಶೂರೆನ್ಸ್‌ಗೇ ಬೇಕು. ಪೆಟ್ರೋಲ್ ಪೈಪು, ಕಾರ್ಬುರೇಟರ್ ರಬ್ಬರ್ ಮೊದಲ ದಿನವೇ ಹೊಸದು ಹಾಕಿ, ಈಗಿನ ಎಥೆನಾಲ್ ಪೆಟ್ರೋಲ್‌ಗೆ ಆ ಕಾಲದ ರಬ್ಬರ್ ತಡಿಯಲ್ಲ, ಆ ಪೆಟ್ರೋಲ್ ತೇವ ಬೇರೆ ಎಳೆಯುತ್ತೆ, ಅದಕ್ಕೆ ಮಳೆಗಾಲದಲ್ಲಿ ಬಿಚ್ಚಿಟ್ಟಿದ್ರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗ್ಸಿ, ಒಳಗೆ ಸ್ವಲ್ಪ ಆಯಿಲ್ ಆಡ್ಸಿ ಇಡಿ.

ಯಾವ್ದಾದ್ರೂ ಗಾಡಿ ಕಣ್ಣಿಗೆ ಬಿದ್ರೆ ಅಡ್ವಾನ್ಸ್ ಕೊಡೋ ಮೊದ್ಲು ಸೀಟ್ ಕೆಳಗಿಂದು, ಸ್ವಿಂಗ್ ಆರ್ಮ್ ಹತ್ರದ್ದು ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.