ಟಿಕೆಟ್ಟು, ನೀರು, ನಾಟಕದ ಹುಚ್ಚು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ ಸರ್ಕಾರ ಹೇಳಿತು, ಕೋರ್ಟು ತಡೆಯಿತು. ನಮ್ಮಂಥವರು ಇನ್ನು ಮೊಬೈಲ್‌ನಲ್ಲೇ ನೋಡಬೇಕಾ?
– ಓದುಗರು, ಹರಿಹರ

2025ರ ಸೆಪ್ಟೆಂಬರ್‌ನಲ್ಲಿ ಆದೇಶ ಬಂತು, ಅದೇ ತಿಂಗಳು ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆ 200ರ ಮೇಲೆ ತೆರಿಗೆ ಬೇರೆ ಇತ್ತು. ಪಾಪ್‌ಕಾರ್ನ್ ರೇಟು ನೆನೆಸಿಕೊಂಡರೆ ಟಿಕೆಟ್ಟೇ ಅಗ್ಗ ಬಿಡಿ.

ಆ ಸುದ್ದಿ ಓದುವಾಗ ನನಗೆ ನೆನಪಾಗಿದ್ದು ನಮ್ಮಜ್ಜ. ದಾವಣಗೆರೆಯಲ್ಲಿ ಮಿಲ್ ಕೆಲಸ. ಪಗಾರ ಆದ ದಿನ ಮಂಡಕ್ಕಿ ಮಿರ್ಚಿ ತಿಂದು ಸೀದಾ ನಾಟಕಕ್ಕೆ. ಊರಿನದೇ ಕೆ.ಬಿ.ಆರ್. ಡ್ರಾಮಾ ಕಂಪನಿ ಇತ್ತಲ್ಲ, ಅದರಲ್ಲಿ ಚಿಂದೋಡಿ ಲೀಲಾ ಅವರ ಪಾತ್ರ ಇದೆ ಅಂತ ಗೊತ್ತಾದರೆ ಸಾಕು, ಯಾರದೋ ಕೈಕಾಲು ಹಿಡಿದು ಪಾಳಿ ಬದಲಾಯಿಸಿಕೊಂಡು ಹೋಗುತ್ತಿದ್ದರು ಅಂತ ಅಜ್ಜಿ ಬೈಯುತ್ತಲೇ ಹೇಳುತ್ತಿದ್ದರು.

ಕಂಪನಿ ನಾಟಕ ಸೊರಗಿದ್ದು ಟಿ.ವಿ.ಯಿಂದ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದು ಅರ್ಧ ನಿಜ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಮಿಲ್ಲುಗಳು ಬಾಗಿಲು ಹಾಕಿದವು. ಪಗಾರವೇ ಇಲ್ಲ ಅಂದಮೇಲೆ ಟಿಕೆಟ್ ಕೊಳ್ಳೋರು ಎಲ್ಲಿಂದ ಬರಬೇಕು? ದರಕ್ಕೆ ಮಿತಿ ಹಾಕಲಿ, ಬೇಡ ಅನ್ನಲ್ಲ. ಆದರೆ ಜೇಬಿನ ಕಡೆಗೂ ಯಾರಾದರೂ ನೋಡಬೇಕು ಅಲ್ವಾ?

ಪ್ರಶ್ನೆ: ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಕೇಂದ್ರದ ದುಡ್ಡು ಅಂತ ಪೇಪರ್‌ನಲ್ಲಿ ಓದಿ ಓದಿ ಸಾಕಾಯ್ತು. ಏನು ಕಥೆ?
– ಓದುಗರು, ಚಳ್ಳಕೆರೆ

2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆ ಆಯಿತು. ಹ್ಯಾಂಡ್‌ಬಿಲ್‌ನಲ್ಲಿ ದೊಡ್ಡಕ್ಷರದಲ್ಲಿ ಹೆಸರು ಹಾಕಿಸಿಕೊಂಡ ನಟ ಮೂರನೇ ಅಂಕವಾದರೂ ಸ್ಟೇಜಿಗೆ ಬಂದಿಲ್ಲ ಅಂದ ಹಾಗಿದೆ. ಶಿಳ್ಳೆ ಹೊಡೆಯುತ್ತಾ ಇರಿ!

ಪ್ರಶ್ನೆ: ಮಗಳು ಡಿಗ್ರಿ ಮುಗಿಸಿದ್ದಾಳೆ. ಸಾಣೇಹಳ್ಳಿಗೆ ಹೋಗಿ ನಾಟಕ ಕಲಿಯುತ್ತೇನೆ ಅಂತ ಹಟ. ನೆಂಟರು 'ನಾಟಕದವಳು ಅನ್ನಿಸಿಕೊಂಡರೆ ಯಾರು ಮದುವೆ ಆಗ್ತಾರೆ' ಅಂತಾರೆ. ಏನು ಮಾಡಲಿ?
– ಓದುಗಿ, ಹೊಸದುರ್ಗ

ಅಕ್ಕಾ, ಮೇಲೆ ಹೇಳಿದ ನಮ್ಮಜ್ಜನಿಗೆ ಒಬ್ಬಳು ತಂಗಿ ಇದ್ದಳು. ಚೆನ್ನಾಗಿ ಹಾಡುತ್ತಿದ್ದಳಂತೆ. ಯಾವುದೋ ಕಂಪನಿ ಸೇರಿದಳು. ಲೀಲಾ ಅವರಿಗೆ ಪದ್ಮಶ್ರೀ ಬಂದಾಗ ಓಣಿಗೆಲ್ಲ ಸಿಹಿ ಹಂಚಿದ ಮನುಷ್ಯ, ಸ್ವಂತ ತಂಗಿಯ ಹೆಸರನ್ನು ಮನೆಯಲ್ಲಿ ಎತ್ತಗೊಡಲಿಲ್ಲ. ಅವಳ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ. ಅಂಥವಳೊಬ್ಬಳು ಇದ್ದಳು ಅನ್ನೋದೇ ನಮಗೆ ಗೊತ್ತಾಗಿದ್ದು ಅಜ್ಜ ಹೋದಮೇಲೆ, ನಮ್ಮತ್ತೆ ಬಾಯಿ ಬಿಟ್ಟಾಗ. ಬೇರೆಯವರ ಮನೆ ಹೆಣ್ಣುಮಗಳು ಬಣ್ಣ ಹಚ್ಚಿದರೆ ಕಲೆ, ನಮ್ಮ ಮನೆಯವಳು ಹಚ್ಚಿದರೆ ಮರ್ಯಾದೆ ಪ್ರಶ್ನೆ. ನಿಮ್ಮ ನೆಂಟರೂ ಅದೇ ಜಾತಿ.

ಸಾಣೇಹಳ್ಳಿ ನಿಮ್ಮದೇ ತಾಲ್ಲೂಕು. ಪಂಡಿತಾರಾಧ್ಯ ಸ್ವಾಮೀಜಿಯವರ ಮಠ ನಾಟಕಕ್ಕೆ ಬೆನ್ನೆಲುಬಾಗಿ ನಿಂತಿದೆ. ಅಲ್ಲಿನ ಶಿವಸಂಚಾರ ತಂಡ 1997ರಿಂದ ಊರೂರು ತಿರುಗಿ ನಾಟಕ ಆಡುತ್ತಿದೆ. ಮಠದ ಅಂಗಳದಲ್ಲೇ ಹುಡುಗಿಯರು ಬಣ್ಣ ಹಚ್ಚುತ್ತಾರೆ. ಇದನ್ನು ನೆಂಟರಿಗೆ ಹೇಳಿ, ಏನಂತಾರೋ ನೋಡೋಣ.

ಆದರೆ ಸುಮ್ನೆ ಹೂಂ ಅನ್ನಬೇಡಿ. ನವೆಂಬರ್ ಹೊತ್ತಿಗೆ ಅಲ್ಲಿ ನಾಟಕೋತ್ಸವ ಇರುತ್ತದೆ, ಮಗಳ ಜೊತೆ ಹೋಗಿ ನೋಡಿ. ಕಲಿಯುತ್ತಿರುವ ಹುಡುಗಿಯರನ್ನೇ ಮಾತಾಡಿಸಿ. ಎಷ್ಟು ಹೊತ್ತಿಗೆ ಎಬ್ಬಿಸ್ತಾರೆ, ಕೋರ್ಸ್ ಮುಗಿದಮೇಲೆ ಕೆಲಸ ಏನು, ಸಂಬಳ ಎಷ್ಟು ಅಂತ ಬಿಡಿಸಿ ಕೇಳಿ. ದುಡ್ಡು ಜಾಸ್ತಿ ಇಲ್ಲ ಅಂತಲೇ ಉತ್ತರ ಬರಬಹುದು. ಅದನ್ನು ಕೇಳಿದಮೇಲೂ ಮಗಳು ಹೋಗ್ತೀನಿ ಅಂದರೆ ಕಳಿಸಿ. ಅವಳ ಮೊದಲ ನಾಟಕದ ಫೋಟೊ ತೆಗೆದು ಹಜಾರದಲ್ಲೇ ಹಾಕಿ, ಮದುವೆ ಮಾತಿಗೆ ಬರೋರು ನೋಡಿಕೊಂಡೇ ಒಳಗೆ ಬರಲಿ.