ಮನೆತನದ ಸಂಪ್ರದಾಯಗಳು ಮುಂದಿನ ತಲೆಮಾರಿಗೆ ನಿಜಕ್ಕೂ ದಾಟುತ್ತವೆಯೇ?

ತಾಯಿಯವರು ಇಷ್ಟು ವರ್ಷ ನಡೆಸಿಕೊಂಡು ಬಂದ ಮನೆಯ ಪದ್ಧತಿಗಳನ್ನು ನಿಮ್ಮ ಮಕ್ಕಳು ಮುಂದುವರಿಸುತ್ತಾರೆಯೇ ಅಥವಾ ಅವು ನಿಮ್ಮ ಕಾಲಕ್ಕೇ ಮುಗಿದುಹೋಗುತ್ತವೆಯೇ ಎಂದು ನೀವು ಕೇಳಿದ್ದೀರಿ. ಕೆಲವು ಉಳಿಯುತ್ತವೆ, ಹಲವು ರೂಪ ಬದಲಿಸುತ್ತವೆ, ಕೆಲವು ನಿಂತೇ ಹೋಗುತ್ತವೆ. ಯಾವುದು ಉಳಿಯುತ್ತದೆ ಎಂಬುದು ಆ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕಿಂತ, ಅದರ ಹಿಂದಿನ ಕೆಲಸವನ್ನು ಯಾರು ಹೊರುತ್ತಾರೆ ಎಂಬುದನ್ನೇ ಹೆಚ್ಚಾಗಿ ಅವಲಂಬಿಸಿದೆ ಎಂದು ನನ್ನ ಅಭಿಪ್ರಾಯ.

ವರ್ಷಕ್ಕೊಮ್ಮೆ ಬಂಧುಗಳೆಲ್ಲ ಒಂದೆಡೆ ಸೇರುವ ರೂಢಿಯನ್ನೇ ತೆಗೆದುಕೊಳ್ಳಿ. ಮಕ್ಕಳ ಕಣ್ಣಿಗೆ ಅದು ತಾನಾಗಿಯೇ ನಡೆಯುವಂತೆ ಕಾಣುತ್ತದೆ. ಆದರೆ ಎಲ್ಲರಿಗೂ ಹೊಂದುವ ದಿನವನ್ನು ಗೊತ್ತುಮಾಡುವುದು, ಒಬ್ಬೊಬ್ಬರಿಗೂ ಹೇಳಿ ಕಳುಹಿಸುವುದು, ಮಾತು ಬಿಟ್ಟ ಇಬ್ಬರನ್ನು ಸಮಾಧಾನಪಡಿಸಿ ಕರೆತರುವುದು, ಬಂದವರಿಗೆ ಮಲಗುವ ವ್ಯವಸ್ಥೆ ಮಾಡುವುದು ಇವೆಲ್ಲ ಯಾರೋ ಒಬ್ಬರ ತಲೆಯ ಮೇಲೆಯೇ ಬಿದ್ದಿರುತ್ತವೆ. ಕೆನಡಾದ ಸಮಾಜಶಾಸ್ತ್ರಜ್ಞೆ ಕ್ಯಾರೊಲಿನ್ ರೋಸೆಂಥಾಲ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಳಗವನ್ನು ಹೀಗೆ ಒಗ್ಗೂಡಿಸಿಡುವ ವ್ಯಕ್ತಿ ಅನೇಕ ಕುಟುಂಬಗಳಲ್ಲಿ ಇರುತ್ತಾರೆಂದೂ, ಅವರಲ್ಲಿ ಹೆಚ್ಚಿನವರು ಹೆಂಗಸರೆಂದೂ ತೋರಿಸಿದರು. ಅಂಥವರ ಕಾಲಾನಂತರ ಆ ಹೊಣೆಯನ್ನು ಯಾರೂ ವಹಿಸಿಕೊಳ್ಳದಿದ್ದರೆ, ಎಲ್ಲರಿಗೂ ಪ್ರಿಯವಾಗಿದ್ದ ಪದ್ಧತಿಯೂ ಸದ್ದಿಲ್ಲದೆ ನಿಂತುಹೋಗುತ್ತದೆ. (ಮನೆತನದ ಸಂಪ್ರದಾಯದ ಬಗ್ಗೆ ಅಭಿಮಾನದಿಂದ ಮಾತನಾಡುವ ಗಂಡಸರು ಅದರ ಕೆಲಸಕ್ಕೂ ಅಷ್ಟೇ ಉತ್ಸಾಹದಿಂದ ಕೈಹಾಕಿದ್ದರೆ ಈ ಪ್ರಶ್ನೆ ಇಷ್ಟು ಸಲ ಏಳುತ್ತಿರಲಿಲ್ಲವೇನೋ.)

ಹಿರಿಯರ ಕಥೆಗಳಿಗೆ ಇಷ್ಟು ಸಿದ್ಧತೆ ಬೇಡ, ಆದರೆ ಅವುಗಳ ಆಯುಸ್ಸು ಕಡಿಮೆ. ಬಾಯಿಮಾತಿನಲ್ಲಿ ಮಾತ್ರ ಬದುಕಿರುವ ನೆನಪು ಸುಮಾರು 80ರಿಂದ 100 ವರ್ಷ, ಅಂದರೆ ಮೂರು ನಾಲ್ಕು ತಲೆಮಾರುಗಳ ಕಾಲ ಉಳಿಯುತ್ತದೆ ಎಂದು ಜರ್ಮನಿಯ ವಿದ್ವಾಂಸ ಯಾನ್ ಅಸ್ಮಾನ್ ವಿವರಿಸಿದ್ದಾರೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಅವರು ಅಜ್ಜ ಅಜ್ಜಿಯರು ಬೆಳೆದದ್ದೆಲ್ಲಿ, ತಂದೆ ತಾಯಿಯರು ಭೇಟಿಯಾದದ್ದು ಹೇಗೆ ಎಂಬಂಥ 20 ಪ್ರಶ್ನೆಗಳನ್ನು ಮಕ್ಕಳಿಗೆ ಕೇಳಿದಾಗ, ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮಗೌರವವೂ ಹೆಚ್ಚಾಗಿರುವುದು ಕಂಡುಬಂದಿತು. ಹಾಗೆಂದು ಉತ್ತರಗಳನ್ನು ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ಅವುಗಳನ್ನು ಹೇಳುತ್ತಾ ಕೇಳುತ್ತಾ ಮನೆಯವರು ಜೊತೆಯಲ್ಲಿ ಕಳೆದ ಹೊತ್ತೇ ಇಲ್ಲಿ ಮುಖ್ಯವೆಂಬುದನ್ನು ಡ್ಯೂಕ್ ಅವರೂ ಸ್ಪಷ್ಟಪಡಿಸಿದ್ದಾರೆ.

ಯಾರೂ ಕಲಿಸದೆಯೇ ದಾಟಿಬರುವ ಸಂಗತಿಗಳೂ ಇವೆ ಎಂಬುದನ್ನು ಮರೆಯಬಾರದು. ಸಿಟ್ಟು ಬಂದಾಗ ದಿನಗಟ್ಟಲೆ ಮಾತು ಬಿಡುವುದು, ಹಣದ ವಿಷಯವನ್ನು ಮುಚ್ಚಿಡುವುದು, ಒಬ್ಬ ಮಗುವನ್ನು ಇನ್ನೊಬ್ಬರೊಡನೆ ಹೋಲಿಸಿ ಹಂಗಿಸುವುದು ಇವನ್ನು ಸಂಪ್ರದಾಯವೆಂದು ಯಾರೂ ಕರೆಯುವುದಿಲ್ಲವಾದರೂ ಇವು ಬಹಳ ನಿಷ್ಠೆಯಿಂದ ಮುಂದುವರಿಯುತ್ತವೆ. ಇಂಥವನ್ನು ಮುರಿಯುವುದು ಮಕ್ಕಳ ಪಾಲಿಗೆ ಬಿಟ್ಟ ಕೆಲಸವಲ್ಲ, ನಮ್ಮದು.

ನಿಮ್ಮ ವಿಷಯಕ್ಕೆ ಬರುವುದಾದರೆ, ತಾಯಿಯವರು ಇರುವಾಗಲೇ ಯಾವುದಾದರೂ ಒಂದು ಪದ್ಧತಿಯ ಪೂರ್ತಿ ಜವಾಬ್ದಾರಿಯನ್ನು ಮಕ್ಕಳ ಕೈಗೆ ಕೊಡಿ. ನೆರವಾಗಲು ಕರೆಯುವುದು ಬೇರೆ, ನಡೆಸಲು ಬಿಡುವುದು ಬೇರೆ. ಅವರು ದಿನ ಬದಲಿಸಬಹುದು, ದೀರ್ಘವೆನಿಸಿದ್ದನ್ನು ಮೊಟಕುಗೊಳಿಸಬಹುದು, ನಿಮಗೆ ಅಗತ್ಯವೆನಿಸಿದ ಭಾಗವೊಂದನ್ನು ಬಿಟ್ಟೇಬಿಡಬಹುದು. ಪ್ರತಿ ಹೆಜ್ಜೆಗೂ ತಿದ್ದಲು ಹೋದರೆ ಅದು ಅವರದಾಗುವುದೇ ಇಲ್ಲ. ಯಾರೂ ಕೈಗೆತ್ತಿಕೊಳ್ಳದ ಪದ್ಧತಿಗಳನ್ನು ಒತ್ತಾಯದಿಂದ ನಡೆಸುವ ಬದಲು, ಅವು ಹೇಗೆ ಆರಂಭವಾದವು, ಯಾರು ಏನು ಮಾಡುತ್ತಿದ್ದರು ಎಂಬುದನ್ನು ತಾಯಿಯವರಿಂದ ಕೇಳಿ ಬರೆದಿಡಿ ಅಥವಾ ಅವರ ದನಿಯಲ್ಲೇ ರೆಕಾರ್ಡ್ ಮಾಡಿಡಿ. ಮೊಮ್ಮಕ್ಕಳಲ್ಲಿ ಯಾರಿಗಾದರೂ ಅದನ್ನು ಮತ್ತೆ ಆರಂಭಿಸುವ ಮನಸ್ಸಾದರೆ ಅವರಿಗೆ ಅಷ್ಟು ಸಾಕಾಗುತ್ತದೆ.